ತಾರ್ನಾಕದ ಬಾಡಿಗೆ, ಪಟಾನ್‌ಚೆರುವಿನ ಚಿಲಕ

ಮೂವತ್ತೊಂದು ವರ್ಷ ನನಗೆ ಸಂಬಳ ಬಂದದ್ದು ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ: "ನಿಮ್ಮ ಮನೆ ಬಾಡಿಗೆ ಎಷ್ಟು?" ಹೈದರಾಬಾದಿನಲ್ಲಿ ನಾನು ಈ ಪ್ರಶ್ನೆ ಕೇಳದ ಬಡಾವಣೆ ಇಲ್ಲ ಎಂದರೆ ನಮ್ಮ ಮನೆಯವರು ನಗುತ್ತಾರೆ. ನಗಲಿ! ಅವರು ಮೂವತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರು, ಅವರಿಗೇನು ಗೊತ್ತು.

ಮೊನ್ನೆ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತೆಲುಗು ಆಡುವ ಪೈಕಿ. ಚಹಾ ಕುಡಿಯುತ್ತಾ ಅಂದಳು: "ಸರೋಜಾ ಮೇಡಂ, ಈ ಕೆಲಸದಾಗ ಏನೈತ್ರಿ? ಬಾಡಿಗಿ ಕೇಳೂದು, ಟ್ಯಾಬಿನ್ಯಾಗ ಒತ್ತೂದು. ಭಾಳ ಬ್ಯಾಸರಾ." ನನಗೆ ಸಿಟ್ಟು ನೆತ್ತಿಗೇರಿತು. ಬೇಸರವಂತೆ! ಆಕೆ ಹೋದ ಮೇಲೆ ಪೆನ್ನು ಹಿಡಿದವಳು ಇನ್ನೂ ಕೆಳಗಿಟ್ಟಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಊರಿನ ಬೇರೆ ಬೇರೆ ಬಡಾವಣೆಗಳಲ್ಲಿ ಕೆಲವು ಮನೆಗಳನ್ನು ಆರಿಸಿಕೊಳ್ಳುವುದು. ಆರು ತಿಂಗಳಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಬಾಡಿಗೆ ಕೇಳಿ ಬರೆದುಕೊಳ್ಳುವುದು. ಕಚೇರಿಯಲ್ಲಿ ಎಲ್ಲವನ್ನೂ ಕೂಡಿಸಿ ಯಾವ ಬಡಾವಣೆ ತುಟ್ಟಿ, ಯಾವುದು ಸೋವಿ ಎಂದು ಒಂದು ಪಟ್ಟಿ ಮಾಡುತ್ತಿದ್ದರು. ಮೇಲಿನ ದರ್ಜೆ, ನಡುವಿನ ದರ್ಜೆ, ಕೆಳಗಿನ ದರ್ಜೆ. ಆ ಪಟ್ಟಿ ನೋಡಿ ಎಷ್ಟೋ ಕಂಪನಿಗಳು ತಮ್ಮ ನೌಕರರಿಗೆ ಮನೆ ಬಾಡಿಗೆ ಭತ್ಯೆ ನಿಗದಿ ಮಾಡುತ್ತಿದ್ದವು. ಅಂದರೆ ನಾವು ಬಾಗಿಲಲ್ಲಿ ನಿಂತು ಬರೆದ ಅಂಕಿ ಯಾರದೋ ಅಡುಗೆಮನೆಗೆ ಹೋಗಿ ಮುಟ್ಟುತ್ತಿತ್ತು. ಈ ಕೊನೆಯ ಮಾತನ್ನು ನಾನು ಕಲಿತದ್ದು ಬಹಳ ತಡವಾಗಿ, ಅದೂ ನನ್ನದೇ ತಪ್ಪಿನಿಂದ.

ಸೇರಿದಾಗ ನನ್ನ ಬಳಿ ಇದ್ದ ಬಂಡವಾಳ ನಾಲಿಗೆ ಒಂದೇ. ಅಪ್ಪ ಬೀದರ್ ಕಡೆಯಿಂದ ಸರ್ಕಾರಿ ನೌಕರಿ ಹಿಡಿದು ಬಂದು ಕಾಚಿಗುಡದಲ್ಲಿ ನೆಲೆ ನಿಂತವರು. ನಾನು ಹುಟ್ಟಿದ್ದು ಅಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪಕ್ಕದ ಮನೆಯ ಖಾಲಾಜಾನ್ ಜೊತೆ ದಖನಿ ಉರ್ದು. ನಮ್ಮ ಮೊದಲ ಮೇಲಧಿಕಾರಿ ಮೂರ್ತಿಗಾರು ಸಂದರ್ಶನದಲ್ಲಿ ಮೂರರಲ್ಲೂ ಮಾತಾಡಿಸಿ, "ಸರಿಪೋಯಿಂದಿ, ಸಾಕು. ಉಳಿದದ್ದನ್ನು ರಸ್ತೆ ಕಲಿಸುತ್ತೆ" ಎಂದುಬಿಟ್ಟರು.

ಮೂರ್ತಿಗಾರು ತೆಳ್ಳಗೆ, ಕಡ್ಡಿಯ ಹಾಗೆ ಇದ್ದರು, ಕೋಪ ಮಾತ್ರ ದಪ್ಪ. ಅವರಿಗೆ ಎರಡು ಹಟ. ಒಂದು, ಎರಡು ಕೋಣೆಯ ಮನೆಯನ್ನು ಎರಡು ಕೋಣೆಯ ಮನೆಯ ಜೊತೆಗೇ ಹೋಲಿಸಬೇಕು. ಇನ್ನೊಂದು, ನಮೂನೆಯಲ್ಲಿ "ಡಿ.ಎಲ್." ಎಂಬ ಎರಡಕ್ಷರ ಕಾಣಬಾರದು. ಡೋರ್ ಲಾಕ್, ಬಾಗಿಲು ಹಾಕಿತ್ತು ಎಂದರ್ಥ. ಯಾರೂ ಸಿಗದಿದ್ದರೆ ಅದನ್ನು ಬರೆದು ಬರಬಹುದಿತ್ತು. "ಬಾಗಿಲು ಹಾಕಿದ್ದರೆ ಸಂಜೆ ಹೋಗು, ಸಂಜೆ ಹಾಕಿದ್ದರೆ ಭಾನುವಾರ ಹೋಗು. ಡಿ.ಎಲ್. ಬರೆಯೋಕೆ ನೀನೇ ಬೇಕೇನಮ್ಮಾ? ಪೋಸ್ಟ್‌ಮ್ಯಾನ್ ಸಾಕು!" ಎಂದು ಎಲ್ಲರೆದುರಿಗೆ ಕೂಗುತ್ತಿದ್ದರು. ಆ ಬೈಗುಳ ತಿಂದು ತಿಂದು ನನಗೆ ಹಾಕಿದ ಬಾಗಿಲು ಕಂಡರೇ ಆಗುತ್ತಿರಲಿಲ್ಲ. ಈಗಲೂ ನೆಂಟರ ಮನೆ ಬಾಗಿಲು ಹಾಕಿದ್ದರೆ ಎದೆ ಧಸಕ್ ಅನ್ನುತ್ತದೆ.

ನನ್ನ ಮೊದಲ ಬಡಾವಣೆ ತಾರ್ನಾಕ. ವಿಶ್ವವಿದ್ಯಾಲಯದ ಪಕ್ಕದ ಹಳೇ ಮನೆಗಳು, ಕೆಳಗೆ ಮಾಲೀಕ, ಮೇಲೆ ಬಾಡಿಗೆಯವರು. ಒಂದು ಮನೆಯ ಮಾಲೀಕರು ತೆರಿಗೆಯವರೇ ಬಂದರೆಂದು ಹೆದರಿ, ಇಷ್ಟೇ ಇಷ್ಟು ಬಾಡಿಗೆ ಎಂದು ದೇವರ ಫೋಟೋ ಕಡೆ ಕೈ ಮಾಡಿ ಹೇಳುತ್ತಿದ್ದರು. ಅವರ ಬೆನ್ನ ಹಿಂದೆ, ಮೆಟ್ಟಿಲ ಮೇಲೆ ನಿಂತು ಮೇಲಿನ ಮನೆಯಾಕೆ ನನಗೆ ಬೆರಳು ಎಣಿಸಿ ತೋರಿಸುತ್ತಿದ್ದಳು. ಮಾಲೀಕರು ತಟ್ಟನೆ ತಿರುಗಿದರು. ಆಕೆ ಅದೇ ಕೈಯನ್ನು ನೊಣ ಓಡಿಸುವ ಹಾಗೆ ಆಡಿಸಿದಳು ನೋಡಿ, ಅಬ್ಬಬ್ಬಾ! ನಗು ತಡೆಯಲಾರದೆ ನಾನು ಕೆಮ್ಮಿದೆ, ಪಾಪ, ಮಾಲೀಕರೇ ಒಳಗೆ ಹೋಗಿ ನೀರು ತಂದುಕೊಟ್ಟರು. ಅವರು ನೀರು ತರುವಷ್ಟರಲ್ಲಿ ಆಕೆ ಕೆಳಗಿಳಿದು ರಸೀದಿಯನ್ನೇ ತೋರಿಸಿ ಹೋದಳು.

ಅದೇ ರಸ್ತೆಯಲ್ಲಿ ನನ್ನ ಮೊದಲ ಎಡವಟ್ಟೂ ಆಯಿತು. ಒಂದು ದೊಡ್ಡ ಮಹಡಿ ಮನೆ, ಬಾಡಿಗೆ ನೋಡಿದರೆ ಏನೂ ಅಲ್ಲ. ರಸೀದಿಯೂ ಇತ್ತು. ಸಂಭ್ರಮದಿಂದ ಬರೆದುಕೊಂಡು ಬಂದೆ. ಮೂರ್ತಿಗಾರು ಒಮ್ಮೆ ನೋಡಿ ನಮೂನೆಯನ್ನು ನನ್ನತ್ತ ತಳ್ಳಿದರು. "ಹೋಗಿ ಯಾಕೆ ಕಡಿಮೆ ಅಂತ ಕೇಳಿಕೊಂಡು ಬಾ." ಹೋದೆ. ಬಾಡಿಗೆಯವರು ಗಣಿತದ ಮೇಷ್ಟ್ರು. ಮಾಲೀಕರ ಮೂರು ಮಕ್ಕಳಿಗೂ ದಿನಾ ಸಂಜೆ ಪಾಠ ಹೇಳುತ್ತಿದ್ದರು, ಅದಕ್ಕೇ ಬಾಡಿಗೆ ಇಳಿದಿತ್ತು. "ರಸೀದಿಯಲ್ಲಿ ಇರೋದು ಅರ್ಧ ಬಾಡಿಗೆ, ಉಳಿದರ್ಧ ಮನುಷ್ಯರ ಹತ್ತಿರ ಇರುತ್ತೆ. ಯಾರು ಏನು ಕೊಡ್ತಾರೆ, ಅಷ್ಟೂ ಕೇಳು" ಎಂದರು ಮೂರ್ತಿಗಾರು. ತಲೆಯಾಡಿಸಿದೆ. ಮುಂದೆ ಒಂದು ದಿನ ಸರಿಯಾಗಿ ಬೇಕಾದಾಗಲೇ ಇದನ್ನು ಮರೆತೆ, ಆ ಕಥೆಗೆ ಬರುತ್ತೇನೆ.

ಆಮೇಲೆ ಗಚ್ಚಿಬೌಲಿ ಬಂತು. ನಾನು ಮೊದಲು ನೋಡಿದಾಗ ಅಲ್ಲಿ ಬಂಡೆಗಳು, ಬಂಡೆಗಳ ನಡುವೆ ಆಡುಗಳು. ನೋಡನೋಡುತ್ತಾ ಇಪ್ಪತ್ತು ಇಪ್ಪತ್ತೈದು ಮಹಡಿಗಳೆದ್ದವು! ಗೇಟಿನಲ್ಲಿ ಕಾವಲು, ಒಳಗೆ ಹೋಗಲು ಫೋನಿನಲ್ಲಿ ಅನುಮತಿ, ಮೇಲೆ ಹೋದರೆ ಗಂಡ ಹೆಂಡತಿ ಇಬ್ಬರೂ ಆಫೀಸಿನಲ್ಲಿ. ಆ ಸಲದ ನನ್ನ ನಮೂನೆಯಲ್ಲಿ ಮೇಲಿಂದ ಕೆಳಗೆ ಡಿ.ಎಲ್., ಡಿ.ಎಲ್., ಡಿ.ಎಲ್. ಅವಮಾನದಿಂದ ಗೇಟಿನ ಹೊರಗೆ ಇಸ್ತ್ರಿ ಬಂಡಿಯ ನೆರಳಲ್ಲಿ ನಿಂತಿದ್ದೆ.

ಇಸ್ತ್ರಿಯವನ ಹೆಸರು ಯಾದಗಿರಿ, ಮೆದಕ್ ಕಡೆಯ ತೆಲುಗಿನವನು. "ಏಮಮ್ಮಾ, ಬೆಳಗಿನಿಂದ ಒಳಗೆ ಹೊರಗೆ ಓಡಾಡ್ತಿದ್ದೀಯ?" ಅಂದ. ಹೇಳಿದೆ. ಆತ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಒಂದೊಂದೇ ಮನೆಯ ಜಾತಕ ಬಿಚ್ಚಿದ. ಏಳನೇ ಮಹಡಿಯವರು ಹೋದ ತಿಂಗಳು ಖಾಲಿ ಮಾಡಿದರು. ಹನ್ನೊಂದರವರ ಬಾಡಿಗೆ ಕಂಪನಿ ಕಟ್ಟುತ್ತದೆ. ಇಡೀ ಗೋಪುರ ಎದ್ದು ಕೂತು ಕಾಫಿ ಕುಡಿಯುವುದು ಭಾನುವಾರ ಒಂಬತ್ತರಿಂದ ಹತ್ತೂವರೆ. ಅಂಗಿಗಳ ಮೇಲೇ ಊರಿನ ಲೆಕ್ಕ ಇಟ್ಟಿದ್ದ ಮಹಾರಾಯ! ಮುಂದಿನ ಭಾನುವಾರ ಹೋದೆ, ಒಂದು ಬಿಡದೆ ಎಲ್ಲ ಬಾಗಿಲೂ ತೆರೆದವು. ಹೊಸಬರಿಗೆ ಹೇಳುತ್ತೇನೆ, ಯಾವ ಬಡಾವಣೆಗೇ ಹೋಗಿ, ಮೊದಲು ಇಸ್ತ್ರಿಯವನಿಗೆ ನಮಸ್ಕಾರ ಮಾಡಿ.

ಕೊನೆಯ ವರ್ಷಗಳಲ್ಲಿ ಮೂರ್ತಿಗಾರರ ಜಾಗಕ್ಕೆ ಶ್ರೀಧರ್ ಬಂದರು. ನನ್ನ ಮಗನ ವಯಸ್ಸಿನವರು, ಬಲೇ ಚುರುಕು. ಬಂದವರೇ, "ಮೇಡಂ, ಇನ್ನು ಓಡಾಟ ಯಾಕೆ? ಬಾಡಿಗೆ ಜಾಹೀರಾತೆಲ್ಲ ಇಂಟರ್ನೆಟ್ಟಿನಲ್ಲಿವೆ. ಕಂಪ್ಯೂಟರ್ ಒಂದು ಗಂಟೆಯಲ್ಲಿ ಎಳೆದುಕೊಡುತ್ತೆ" ಅಂದರು. ಹತ್ತು ಜಾಹೀರಾತು ಕೊಡಿ, ಸುಳ್ಳು ಮಾಡಿ ತೋರಿಸುತ್ತೇನೆ ಎಂದೆ. ಸೋತವರು ಇಡೀ ಕಚೇರಿಗೆ ಇರಾನಿ ಚಾಯ್, ಉಸ್ಮಾನಿಯಾ ಬಿಸ್ಕತ್ತು ಕೊಡಿಸಬೇಕು. ಹತ್ತು ಮನೆಗೂ ಹೋದೆ. ಒಂದರಲ್ಲೂ ಜಾಹೀರಾತಿನ ಬಾಡಿಗೆ ಇರಲಿಲ್ಲ! ಕೆಲವರು ಜಗ್ಗಾಡಿ ಇಳಿಸಿದ್ದರು, ಕೆಲವರಿಗೆ ನಿರ್ವಹಣೆ ಖರ್ಚು, ನೀರಿನ ಟ್ಯಾಂಕರು ಸೇರಿ ಏರಿತ್ತು, ಒಂದು ಮನೆಯಂತೂ ಯಾವಾಗಲೋ ಮಾರಾಟವಾಗಿತ್ತು. ಜಾಹೀರಾತಿನಲ್ಲಿ ಇರುವುದು ಮಾಲೀಕನ ಆಸೆ, ನಮಗೆ ಬೇಕಾದದ್ದು ಬಾಡಿಗೆದಾರ ಕೊಟ್ಟದ್ದು. ಶ್ರೀಧರ್ ನಗುತ್ತಾ ಚಾಯ್ ಕೊಡಿಸಿದರು. ಎರಡು ಗ್ಲಾಸು ಕುಡಿದೆ.

ಆ ಗೆಲುವಿನ ಗುಂಗಿನಲ್ಲೇ ಪಟಾನ್‌ಚೆರುವಿಗೆ ಹೋಗಿದ್ದೆ.

ಪಟಾನ್‌ಚೆರು ಔಷಧ ಕಾರ್ಖಾನೆಗಳ ಜಾಗ. ನಮ್ಮ ಪಟ್ಟಿಗೆ ಅಲ್ಲಿನ ಕೂಲಿಕಾರರ ಓಣಿಯೊಂದನ್ನು ಹೊಸದಾಗಿ ಸೇರಿಸಿದ್ದರು. ಮಧ್ಯಾಹ್ನದ ಹೊತ್ತು. ಸಾಲಾಗಿ ಒಂಟಿ ಕೋಣೆಗಳು. ಒಂದರ ಹೊಸ್ತಿಲ ಮೇಲೆ ಕೂತು ಹೆಣ್ಣುಮಗಳೊಬ್ಬಳು ಹೆಸರುಕಾಳು ಹಸನು ಮಾಡುತ್ತಿದ್ದಳು. ತೆಲುಗಿನಲ್ಲಿ ಮಾತಾಡಿಸಿದರೆ ಒಳಗೆ ತಿರುಗಿ, "ಯಾರೋ ಬಂದಾರ ನೋಡ್ರಿ" ಅಂದಳು. ಕನ್ನಡ!

"ಅಯ್ಯ, ಯಾ ಊರವ್ವ ನಿಂದು?" ಅಂದೆ.

"ಶಹಾಪುರ ಕಡೀರಿ ಅಕ್ಕಾರ. ನೀವೂ ನಮ್ಮ ಕಡಿಯವರೇನ್ರಿ? ಬರ್ರಿ, ಕುಂದರ್ರಿ!"

ಮಲ್ಲಮ್ಮ ಅಂತ ಆಕೆಯ ಹೆಸರು. ಔಷಧ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸ, ಅವತ್ತು ವಾರದ ರಜೆ. ಮೂವತ್ತು ವರ್ಷದಲ್ಲಿ ಬಾಡಿಗೆ ಕೇಳಲು ಹೋದ ಕಡೆ ನನಗೆ ಕನ್ನಡ ಸಿಕ್ಕಿದ್ದೇ ಅಪರೂಪ, ನನ್ನ ಖುಷಿ ಕೇಳಬೇಡಿ. ನಾನೂ ಹೊಸ್ತಿಲ ಪಕ್ಕ ಕೂತೆ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಬೀದರ್ ಚಳಿ, ಶಹಾಪುರದ ಬಿಸಿಲು, ನಮ್ಮಜ್ಜಿ, ಅವರತ್ತೆ, ಎಲ್ಲಾ ಆಯಿತು. ಒಳಗೆ ಮೂವರು ಗಂಡಸರು ಮುಸುಕು ಹೊದ್ದು ಮಲಗಿದ್ದರು. ಊರಿಂದ ಬಂದ ನೆಂಟರಿರಬೇಕು ಎಂದುಕೊಂಡೆ. ಆಕೆ ಹೊಸ್ತಿಲಲ್ಲಿ ಕೂತದ್ದು ಗಾಳಿಗೆ ಎಂದುಕೊಂಡೆ. ಬಸ್ಸಿನ ಹೊತ್ತಾಯಿತೆಂದು ಎದ್ದವಳು ನಿಂತ ಕಾಲಲ್ಲೇ ಬಾಡಿಗೆ ಎಷ್ಟವ್ವ ಎಂದೆ. ಹೇಳಿದಳು. ಬರೆದೆ. ಅದೇ ಓಣಿಯ ಇನ್ನಷ್ಟು ಕೋಣೆಗಳಲ್ಲೂ ನಿಂತು ನಿಂತೇ ಕೇಳಿ, ಅದನ್ನೇ ಬರೆದೆ. ಯಾರು ಏನು ಕೊಡುತ್ತಾರೆ, ಅಷ್ಟೂ ಕೇಳು ಎಂದಿದ್ದ ಮೂರ್ತಿಗಾರರ ಮಾತು ರೊಟ್ಟಿಯ ಜೊತೆ ನುಂಗಿ ಹೋಗಿತ್ತು.

ಪಟ್ಟಿ ಅಚ್ಚಾಯಿತು. ಇಡೀ ಊರಿನಲ್ಲಿ ಪಟಾನ್‌ಚೆರುವೇ ಎಲ್ಲಕ್ಕಿಂತ ಸೋವಿ, ಕೆಳಗಿನ ದರ್ಜೆ.

ಆರು ತಿಂಗಳ ನಂತರ ಕುಣಿಯುತ್ತಾ ಮಲ್ಲಮ್ಮನ ಹೊಸ್ತಿಲಿಗೆ ಹೋದೆ. ಆಕೆ ಎದ್ದು ನಿಂತಳೇ ಹೊರತು ಕೂರಿ ಅನ್ನಲಿಲ್ಲ.

"ಅಕ್ಕಾರ, ಸಿಟ್ಟ ಮಾಡಬ್ಯಾಡ್ರಿ. ಆ ಕೆಳಗಿನ ದರ್ಜೆ ಬರದವ್ರು ನೀವಂತ, ಖರೇನ್ರಿ?"

ಹೇಗೆ ಗೊತ್ತಾಯಿತು ಎಂದೆ. ಅಷ್ಟರಲ್ಲಿ ಒಳಗೆ ಮಲಗಿದ್ದವರಲ್ಲಿ ಒಬ್ಬ ಎದ್ದು ಬಂದ. ಆತ ನೆಂಟನಲ್ಲ, ಮಲ್ಲಮ್ಮನ ಗಂಡ ಶರಣಪ್ಪ. ಆತನೇ ತಾಳ್ಮೆಯಿಂದ ಬಿಡಿಸಿ ಹೇಳಿದ. ಅವರ ಕಾರ್ಖಾನೆ ಗುತ್ತಿಗೆ ಕೆಲಸದವರಿಗೂ ಮನೆ ಬಾಡಿಗೆ ಭತ್ಯೆ ಕೊಡಲು ಒಪ್ಪಿತ್ತು. ಎಷ್ಟು ಎಂಬುದು ನಮ್ಮ ಪಟ್ಟಿಯ ಪ್ರಕಾರ. ಕೆಳಗಿನ ದರ್ಜೆಗೆ ಬಂದದ್ದು ಏತಕ್ಕೂ ಸಾಲದಷ್ಟು.

"ಆದ್ರ ನೀವ ಹೇಳಿದ ಬಾಡಿಗೇನ ಬರದೀನಲ್ಲವ್ವಾ?" ಅಂದೆ.

"ಅದು ನನ್ನ ಒಬ್ಬಾಕಿದ್ರಿ!" ಮಲ್ಲಮ್ಮನ ದನಿ ಏರಿತು. "ಈ ಖೋಲ್ಯಾಗ ಆರು ಮಂದಿ ಇರ್ತೀವಿ, ಮೂರು ಜೋಡಿ. ಸೇಠ ತಲಿಗಿಷ್ಟ ಅಂತ ಬ್ಯಾರೆ ಬ್ಯಾರೆ ತಗೋತಾನ್ರಿ. ಒಮ್ಮಿಗೆ ಮೂರ ಮಂದಿ ಮಕ್ಕೊಳ್ಳಾಕ ಜಾಗಾ. ಅದಕ್ಕ ಗಂಡಸರು ಮೂವರೂ ರಾತ್ರಿ ಪಾಳಿ, ನಾವು ಹೆಂಗಸರು ಹಗಲ ಪಾಳಿ. ಇವ್ರು ಬಸ್ಸಿನ್ಯಾಗಿಂದ ಇಳೀತಾರ, ನಾ ಅದ ಬಸ್ಸ ಹತ್ತತೀನ್ರಿ."

ಆಕೆ ಹೊಸ್ತಿಲಲ್ಲಿ ಕೂರುತ್ತಿದ್ದುದು ಗಾಳಿಗಲ್ಲ. ರಜೆಯ ದಿನ ಒಳಗೆ ಪರಗಂಡಸರು ಮಲಗಿರುತ್ತಾರೆ, ಕೂರಲು ಬೇರೆ ಜಾಗವೇ ಇಲ್ಲ.

"ಲಗ್ನಾಗಿ ಯಾಡ ವರ್ಷ ಆತ್ರಿ," ಎಂದು ಆಕೆ ದನಿ ತಗ್ಗಿಸಿದಳು. "ಬಾಡಿಗಿ ಎಷ್ಟ ಅಂತ ಕೇಳಿದ್ರಿ. ಒಳಗಿಂದ ಚಿಲಕಾ ಹಾಕ್ಕೊಂಡು ಒಂದ ದಿನರ ಮಕ್ಕೊಂಡೀಯೇನ ಅಂತ ಕೇಳಲಿಲ್ಲ ನೀವು. ಬ್ಯಾರೆ ಖೋಲಿ ಹಿಡೀಬೇಕಂದ್ರ ಆ ಭತ್ಯೇನ ಗತಿ ಇತ್ರಿ ನಮಗ."

ಬಸ್ಸಿನಲ್ಲಿ ಕೂತು ಅತ್ತೆ. ನಿವೃತ್ತಿಗೆ ಒಂದು ವರ್ಷವೂ ಇಲ್ಲದ ಹೆಂಗಸು, ಟಿಕೆಟಿನವನ ಎದುರಿಗೇ ಅತ್ತೆ.

ಮರುದಿನ ಶ್ರೀಧರ್ ಎದುರು ನಿಂತು ತಪ್ಪು ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದರು. "ಮೇಡಂ, ಅಚ್ಚಾದ ಪಟ್ಟಿ ತಪ್ಪು ಅಂತ ನಾವೇ ಹೇಳಿದರೆ ನಾಳೆ ಯಾರು ನಂಬ್ತಾರೆ? ಮುಂದಿನ ವರ್ಷ ಸರಿ ಮಾಡೋಣ. ನಿಮ್ಮ ದಾಖಲೆಗೂ ಕಪ್ಪು ಚುಕ್ಕೆ ಯಾಕೆ?"

"ಚುಕ್ಕೆ ಬೀಳಲಿ ಸರ್. ಸಹಿ ನನ್ನದು. ಆ ಕಾರ್ಖಾನೆಯವರನ್ನು ಒಂದು ದಿನ ಇಲ್ಲಿಗೆ ಕರೆಸಿ, ಅಷ್ಟು ಸಾಕು" ಎಂದೆ.

ಒಂದು ವಾರ ಅಳತೆಪಟ್ಟಿ ಹಿಡಿದು ಆ ಓಣಿಯಲ್ಲೇ ಬಿದ್ದಿದ್ದೆ. ಬೆಳಿಗ್ಗೆ ಗಂಡಸರು ಬಂದಾಗ ಒಮ್ಮೆ, ಸಂಜೆ ಹೆಂಗಸರು ಬಂದಾಗ ಒಮ್ಮೆ, ಒಂದೊಂದು ಕೋಣೆಯ ಒಂದೊಂದು ತಲೆಯನ್ನೂ ಕೇಳಿ ಬರೆದೆ. ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದವಳು ಮಲ್ಲಮ್ಮ. ಅಳೆಯುತ್ತಾ ಅಳೆಯುತ್ತಾ ಇಬ್ಬರಿಗೂ ಹುರುಪು ಬಂದುಬಿಟ್ಟಿತು. "ಬರಕೋರಿ ಅಕ್ಕಾರ, ಗ್ಯಾಸಿನ ಕಟ್ಟಿ ಬಿಟ್ಟು ಬರಕೋರಿ! ಅದರ ಮ್ಯಾಲ ಯಾರ ಮಕ್ಕೋತಾರ್ರಿ?" ಎಂದು ನನಗೇ ಪಾಠ ಹೇಳುತ್ತಿದ್ದಳು.

ಸಭೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಮೇಜು ಕುರ್ಚಿ ಗೋಡೆಗೆ ತಳ್ಳಿಸಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಮಲ್ಲಮ್ಮನ ಕೋಣೆಯನ್ನು ಇದ್ದಷ್ಟೇ ಉದ್ದಗಲಕ್ಕೆ ಬರೆದೆ. ಇಲ್ಲಿ ಗ್ಯಾಸಿನ ಕಟ್ಟೆ, ಇಲ್ಲಿ ನೀರಿನ ಡ್ರಮ್ಮು, ಇಲ್ಲಿ ಮೂರು ಟ್ರಂಕು, ಇದು ಬಾಗಿಲು. ಶ್ರೀಧರ್ ಬಂದರು, ಕಾರ್ಖಾನೆಯ ಇಬ್ಬರು ಅಧಿಕಾರಿಗಳು ಬಂದರು, ನಮ್ಮ ಮೂವರು ಗುಮಾಸ್ತರು ಬಂದರು. ಸರಿಯಾಗಿ ಆರು ಮಂದಿ!

"ದಯವಿಟ್ಟು ಎಲ್ಲರೂ ಒಳಗೆ ಬನ್ನಿ. ಗೆರೆ ದಾಟಬಾರದು, ಗೆರೆಯಂದರೆ ಗೋಡೆ" ಎಂದೆ. ಮೊದಲು ನಕ್ಕರು, ಆಮೇಲೆ ಬಂದರು. ಕೂತರೆ ಮೊಣಕಾಲಿಗೆ ಮೊಣಕಾಲು ತಾಗಿತು. ಕಾರ್ಖಾನೆಯ ದಪ್ಪನೆಯ ಅಧಿಕಾರಿ ಗ್ಯಾಸಿನ ಕಟ್ಟೆಯ ಮೇಲೇ ಕೂತಿದ್ದರು. "ಸರ್, ನಿಮ್ಮ ಕೆಳಗೆ ಸಾರು ಕುದಿಯುತ್ತಿದೆ" ಎಂದೆ, ಗಡಬಡಿಸಿ ಸರಿದರು, ಎಲ್ಲರೂ ಹೋ ಎಂದು ನಕ್ಕರು.

"ಈಗ ಮಲಗಿ" ಎಂದೆ.

ನಗು ನಿಂತಿತು. ಯಾರೂ ಮಲಗಲಿಲ್ಲ. ಮಲಗುವ ಹಾಗೇ ಇರಲಿಲ್ಲ. ಆ ದಪ್ಪನೆಯವರು ನೆಲ ನೋಡುತ್ತಾ, "ಇದರಲ್ಲಿ ಗಂಡ ಹೆಂಡತಿ ಎಲ್ಲಿ ಮಲಗ್ತಾರೆ?" ಎಂದು ಮೆಲ್ಲಗೆ ಕೇಳಿದರು. ಮಲಗುವುದಿಲ್ಲ ಸರ್, ಬಸ್ ನಿಲ್ದಾಣದಲ್ಲಿ ಭೇಟಿಯಾಗುತ್ತಾರೆ ಎಂದೆ.

ಶ್ರೀಧರ್ ಎದ್ದು ನನ್ನ ಕಾಗದ ಇಸಿದುಕೊಂಡರು. ಆರು ತಲೆಯ ಬಾಡಿಗೆ ಕೂಡಿಸಿದರು, ಕೋಣೆಯ ಚದರಡಿಯಿಂದ ಭಾಗಿಸಿದರು. ಎರಡನೇ ಸಲ ಭಾಗಿಸಿದರು. ಆಮೇಲೆ ಗಚ್ಚಿಬೌಲಿಯ ಈಜುಕೊಳದ ಮನೆಗಳ ಹಾಳೆ ತರಿಸಿ ಪಕ್ಕದಲ್ಲಿಟ್ಟರು. ಒಂದೊಂದು ಅಡಿ ನೆಲಕ್ಕೆ ಮಲ್ಲಮ್ಮನ ಓಣಿಯವರು ಗಚ್ಚಿಬೌಲಿಯವರಿಗಿಂತ ಹೆಚ್ಚು ಕೊಡುತ್ತಿದ್ದರು! ಊರಿಗೇ ಸೋವಿ ಎಂದು ನಾನು ಬರೆದ ಜಾಗ ನಮ್ಮ ಹಾಳೆಗಳಲ್ಲೇ ತುಟ್ಟಿ ಜಾಗವಾಗಿತ್ತು. ಕಿರುಚಬೇಕು ಅನ್ನಿಸಿತು ನನಗೆ. "ತಿದ್ದುಪಡಿ ಇವತ್ತೇ ಹೊರಡಲಿ, ಕೆಳಗೆ ನನ್ನ ಸಹಿಯೂ ಇರಲಿ" ಎಂದರು ಶ್ರೀಧರ್. ಆ ಹುಡುಗನ ಮೇಲೆ ಅವತ್ತಿನಿಂದ ನನಗೆ ತುಂಬಾ ಗೌರವ.

ಪಟಾನ್‌ಚೆರು ನಡುವಿನ ದರ್ಜೆಗೆ ಏರಿತು. ಕಾರ್ಖಾನೆ ಭತ್ಯೆ ಏರಿಸಿತು. ವಾಸನೆ ಹಿಡಿದ ಕೆಲವು ಸೇಠುಗಳು ಬಾಡಿಗೆಯನ್ನೂ ಏರಿಸಿದರು, ಸುಳ್ಳು ಯಾಕೆ ಹೇಳಲಿ, ಅದನ್ನೂ ಬರೆದುಕೊಂಡು ಬಂದೆ. ನನ್ನ ದಾಖಲೆಯಲ್ಲಿ ಚುಕ್ಕೆಯೂ ಬಿತ್ತು. "ಕ್ಷೇತ್ರಕಾರ್ಯದಲ್ಲಿ ಅಲಕ್ಷ್ಯ." ಸರಿಯಾಗಿಯೇ ಬರೆದಿದ್ದಾರೆ.

ಕೊನೆಯ ಸುತ್ತಿಗೆ ಪಟಾನ್‌ಚೆರುವನ್ನು ನಾನೇ ಕೇಳಿ ಹಾಕಿಸಿಕೊಂಡೆ. ಹಳೇ ಕೋಣೆಯ ಹೊಸ್ತಿಲಲ್ಲಿ ಬೇರೆ ಯಾರೋ ಕೂತಿದ್ದರು. ಮಲ್ಲಮ್ಮ ಎಲ್ಲಿ ಎಂದರೆ, ಹಿಂದಿನ ಓಣಿಯ ಹಸಿರು ಬಾಗಿಲು ಎಂದರು. ಆ ಮನೆ ನಮ್ಮ ಪಟ್ಟಿಯಲ್ಲಿಲ್ಲ, ಅಲ್ಲಿಗೆ ಹೋಗುವುದು ನನ್ನ ಕೆಲಸವೂ ಅಲ್ಲ. ಆದರೂ ಕಾಲು ಅಲ್ಲಿಗೇ ನಡೆಯಿತು.

ಮಧ್ಯಾಹ್ನ ಎರಡು ಗಂಟೆ, ಅವರ ವಾರದ ರಜೆ. ಹಸಿರು ಬಾಗಿಲು ಹಾಕಿತ್ತು. ಹೊರಗೆ ಬೀಗವಿಲ್ಲ. ಬಡಿದೆ.

"ಯಾರ್ರೀ ಅದು?" ಒಳಗಿಂದ ಮಲ್ಲಮ್ಮನ ದನಿ.

"ನಾನವ್ವಾ, ಬಾಡಿಗಿ ಕೇಳಾಕಿ!"

"ಅಯ್ಯ ನನ್ನ ಶಿವನ, ಅಕ್ಕಾರು! ತಡ್ರಿ, ಒಂದೀಟ ತಡ್ರಿ, ಚಿಲಕಾ ತಗೀತೀನಿ..." ಎನ್ನುತ್ತಿರುವಾಗಲೇ ಶರಣಪ್ಪನ ನಗು ಕೇಳಿತು, ಬಳೆಯ ಸದ್ದು ಕೇಳಿತು.

"ತಗೀಬ್ಯಾಡವ್ವಾ!" ಎಂದು ಕೂಗಿದೆ. "ಅವಸರ ಏನಿಲ್ಲ. ನಾ ಓಣಿ ಕೊನ್ಯಾಗ ಚಾ ಕುಡದು ಆರಾಮ ಬರ್ತೀನಿ."

ಓಣಿಯ ಕೊನೆಯಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಟ್ಯಾಬ್ ಪಕ್ಕಕ್ಕಿಟ್ಟೆ, ಚೀಲದಿಂದ ನನ್ನ ಸ್ವಂತ ಡೈರಿ ತೆಗೆದೆ. ಮೂರ್ತಿಗಾರು ಇದ್ದಿದ್ದರೆ ಎಷ್ಟು ಬೈಯುತ್ತಿದ್ದರೋ ಎಂದು ಒಬ್ಬಳೇ ನಗುತ್ತಾ, ಇಂಗ್ಲಿಷಿನ ಎರಡಕ್ಷರ ಬಿಟ್ಟು ಕನ್ನಡದಲ್ಲೇ ಪೂರ್ತಿಯಾಗಿ ಬರೆದೆ: ಮಲ್ಲಮ್ಮ, ಶರಣಪ್ಪ, ಪಟಾನ್‌ಚೆರು. ಬಾಗಿಲು ಹಾಕಿದೆ.